ಥಾರ್, ಜಿಪ್ಸಿಗೆ ಸ್ಪಾಟ್‌ಲೈಟ್ ವೈರಿಂಗ್: ಬ್ಯಾಟರಿಯಿಂದ ಬಲ್ಬಿನವರೆಗೆ ಸಮಗ್ರ ಮಾರ್ಗದರ್ಶಿ

ಸ್ಪಾಟ್‌ಲೈಟ್ ಮಂಕಾಗಿ ಉರಿದರೆ ನಾವು ಮೊದಲು ಲೈಟನ್ನೇ ಬೈಯುತ್ತೇವೆ. ಇನ್ನೂ ದುಬಾರಿ ಜೋಡಿ ತಂದು ಹಾಕಿಸುತ್ತೇವೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದೂ ಮಂಕು. ಬಾನೆಟ್ ಎತ್ತಿ ನೋಡಿದರೆ ಕಾರಣ ಅಲ್ಲೇ ಕಾಣುತ್ತದೆ: ಸಪೂರ ವೈರು, ಪೇಂಟ್ ಮೇಲೆಯೇ ಬಿಗಿದ ಅರ್ಥ್ (ಮೈನಸ್) ಬೋಲ್ಟ್, ಕೈಯಲ್ಲಿ ತಿರುಚಿ ಟೇಪ್ ಸುತ್ತಿದ ಜಾಯಿಂಟ್. ಲೈಟಿಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ಕಡಿತ ಮಾಡಿ ವೈರಿಂಗಿಗೆ ಹಾಕಿ ಅನ್ನುವುದೇ ನನ್ನ ವಾದ.

ಇದನ್ನು ಹಳೆಯ ಥಾರ್ (2010ರಿಂದ 2020ರವರೆಗಿನದು), ಜಿಪ್ಸಿ, ಮೇಜರ್, ಎಂಎಂ540 ತರದ 12 ವೋಲ್ಟ್ ಗಾಡಿಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ಎಸ್ಟೇಟ್‌ಗಳಲ್ಲಿ ಓಡುವುದು ಇಂಥವೇ ಅಲ್ವಾ. 2020ರ ನಂತರದ ಥಾರ್‌ಗೆ ಬೇಕಾದ ಎಚ್ಚರಿಕೆಗಳನ್ನು ಆಯಾ ಜಾಗದಲ್ಲೇ ಹೇಳುತ್ತೇನೆ.

ಮೊದಲು ಕಾನೂನಿನ ಮಾತು

ಇದನ್ನು ಕೊನೆಗೆ ಸಣ್ಣಕ್ಷರದಲ್ಲಿ ಹೇಳಿ ಮುಗಿಸುವವರೇ ಜಾಸ್ತಿ. ಆದರೆ ವೈರಿಂಗ್ ಹೇಗಿರಬೇಕು ಅಂತ ನಿರ್ಧಾರ ಆಗುವುದೇ ಇಲ್ಲಿಂದ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 111ನೇ ನಿಯಮದ ಪ್ರಕಾರ ಗಾಡಿಯ ಮುಂದೆ ಸ್ಪಾಟ್‌ಲೈಟ್, ಸರ್ಚ್‌ಲೈಟ್ ಹಾಕುವಂತಿಲ್ಲ. ವಿಶೇಷ ಸಂದರ್ಭ ಇದ್ದರೆ ನೋಂದಣಿ ಪ್ರಾಧಿಕಾರದ, ಅಂದರೆ ಆರ್‌ಟಿಒ ಕಚೇರಿಯ, ಅನುಮತಿಯನ್ನು ಮೊದಲೇ ಪಡೆಯಬೇಕು. 2024ರಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಲೈಟ್‌ಗಳ ಮೇಲೆ ರಾಜ್ಯದಾದ್ಯಂತ ಕೇಸು ಹಾಕಿದ್ದು ನಿಮಗೂ ನೆನಪಿರಬಹುದು. ಲೈಟ್ ಕೂರಿಸಲು ಬುಲ್ ಬಾರ್ (ಬಂಪರ್ ಮುಂದಿನ ಲೋಹದ ಚೌಕಟ್ಟು) ಹಾಕುತ್ತೇನೆ ಅಂದರೆ ಅದಕ್ಕೂ 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಬೇಡ ಅಂದಿದೆ.

ಲೈಟ್ ಮೇಲೆ ಕಪ್ಪು ಕವರ್ ಹಾಕಿದರೆ ಸಾಕು ಅನ್ನುವವರಿದ್ದಾರೆ. ನಿಯಮ ಹೇಳುವುದು ಲೈಟ್ ಅಳವಡಿಸುವುದರ ಬಗ್ಗೆ. ಕವರ್ ಹಾಕಿದ ಮಾತ್ರಕ್ಕೆ ಅದು ಇಲ್ಲ ಅಂತ ಆಗುವುದಿಲ್ಲ. ಆದ್ದರಿಂದ ಇಲ್ಲಿ ನಾವು ಕಟ್ಟುವುದು ಬಿಚ್ಚಿ ಇಡಬಹುದಾದ ಸೆಟಪ್. ವೈರಿಂಗ್ ಗಾಡಿಯಲ್ಲೇ ಇರುತ್ತದೆ. ಲೈಟು ಎಸ್ಟೇಟ್ ಗೇಟಿನ ಒಳಗೆ, ಖಾಸಗಿ ಟ್ರ್ಯಾಕಿನಲ್ಲಿ ಹತ್ತುತ್ತದೆ, ಡಾಂಬರು ರಸ್ತೆಗೆ ಬರುವ ಮುಂಚೆ ಇಳಿಯುತ್ತದೆ. ಒಂದೊಂದು ಲೈಟಿಗೆ ಎರಡು ಬೋಲ್ಟ್, ಒಂದು ಕಪ್ಲರ್ (ವೈರುಗಳನ್ನು ಸಿಕ್ಕಿಸಿ ಬಿಚ್ಚುವ ಜೋಡಣೆ). ಅಷ್ಟೇ ಕೆಲಸ.

ಲೈಟ್ ಆರಿಸುವಾಗ

ಸ್ಪಾಟ್ ಅಂದರೆ ಕಿರಿದಾದ, ದೂರ ಹೋಗುವ ಬೆಳಕು. ಫ್ಲಡ್ ಅಂದರೆ ಹತ್ತಿರದಲ್ಲೇ ಅಗಲವಾಗಿ ಹರಡುವ ಬೆಳಕು. ತಿರುವು ಮುರುವಿನ ಎಸ್ಟೇಟ್ ದಾರಿಯಲ್ಲಿ 300 ಮೀಟರ್ ಆಚೆಗೆ ಬೆಳಕು ಚೆಲ್ಲಿ ಏನು ಮಾಡುವುದು? ಅಲ್ಲಿ ಬೇಕಾಗಿರುವುದು ಪಕ್ಕದ ಚರಂಡಿ ಕಾಣಿಸುವ ಅಗಲ. ಉತ್ತರ ಕರ್ನಾಟಕದ ಬಯಲಿನಲ್ಲಿ, ನೇರ ದಾರಿಯಲ್ಲಿ ಸ್ಪಾಟ್ ಉಪಯೋಗಕ್ಕೆ ಬರುತ್ತದೆ. ನನ್ನನ್ನು ಕೇಳಿದರೆ ಮಲೆನಾಡಿಗೆ ಸ್ಪಾಟ್, ಫ್ಲಡ್ ಎರಡೂ ಸೇರಿದ ಒಂದು ಜೋಡಿ ಕಾಂಬೋ ಬೀಮ್ ಸಾಕು. ಮಂಜು ಬಿದ್ದಾಗ ಎತ್ತರದಲ್ಲಿರುವ ಸ್ಪಾಟ್ ಹಾಕಬೇಡಿ. ಬೆಳಕು ಮಂಜಿನ ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ, ಎದುರಿಗೆ ಬಿಳಿ ಪರದೆ ಬಿಟ್ಟು ಬೇರೇನೂ ಕಾಣುವುದಿಲ್ಲ.

ಡಬ್ಬದ ಮೇಲಿನ ವ್ಯಾಟ್ ನಂಬಬೇಡಿ. ಅಗ್ಗದ ಎಲ್‌ಇಡಿ ಮೇಲೆ ಬರೆದಿರುವ 240 ವ್ಯಾಟ್, ಒಳಗಿರುವ ಎಲ್‌ಇಡಿಗಳು ತಾಳಿಕೊಳ್ಳಬಲ್ಲ ಗರಿಷ್ಠಗಳನ್ನು ಕೂಡಿಸಿದ ಲೆಕ್ಕ. ಬ್ಯಾಟರಿಯಿಂದ ಅದು ಎಳೆಯುವುದು ಅದಕ್ಕಿಂತ ಎಷ್ಟೋ ಕಡಿಮೆ. ಅಂಗಡಿಯಲ್ಲೇ ಮಲ್ಟಿಮೀಟರ್ ಸೇರಿಸಿ ಎಷ್ಟು ಆಂಪ್ಸ್ ಎಳೆಯುತ್ತದೆ ಅಂತ ನೋಡಿ, 12ರಿಂದ ಗುಣಿಸಿದರೆ ನಿಜ ಗೊತ್ತಾಗುತ್ತದೆ. ಹತ್ತು ಆಂಪ್ಸ್‌ಗಿಂತ ಜಾಸ್ತಿ ಎಳೆಯುವಂಥದ್ದಾದರೆ ಸಾಮಾನ್ಯ ಮೀಟರ್‌ನ ಒಳಗಿನ ಫ್ಯೂಸ್ ಹೋಗುತ್ತದೆ, ಕ್ಲ್ಯಾಂಪ್ ಮೀಟರ್ ಬೇಕು. ನೀರು ದಾಟುವ ಗಾಡಿಗೆ ಕನಿಷ್ಠ ಐಪಿ67 ಇರಲಿ. ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಒಳಗೆ ನೀರು ಹೋಗಬಾರದು ಅನ್ನುವ ದರ್ಜೆ ಅದು.

ಲೆಕ್ಕ: ವೈರು ಎಷ್ಟು ದಪ್ಪ, ಫ್ಯೂಸ್ ಎಷ್ಟರದ್ದು

55 ವ್ಯಾಟ್‌ನ ಎರಡು ಹ್ಯಾಲೊಜೆನ್ ಅಂತ ಇಟ್ಟುಕೊಳ್ಳಿ. 110 ವ್ಯಾಟ್ ಭಾಗಿಸು 12 ವೋಲ್ಟ್, ಸುಮಾರು 9 ಆಂಪ್ಸ್. ಈ 9 ಆಂಪ್ಸ್ ಅನ್ನು 0.75 ಸ್ಕ್ವೇರ್ ಎಂಎಂನ ವೈರಿನಲ್ಲಿ ಬ್ಯಾಟರಿಯಿಂದ ಡ್ಯಾಶ್‌ಬೋರ್ಡ್ ಸ್ವಿಚ್‌ಗೆ, ಅಲ್ಲಿಂದ ಬಂಪರಿಗೆ ಅಂತ ಐದು ಮೀಟರ್ ಸುತ್ತಿಸಿದರೆ ದಾರಿಯಲ್ಲೇ ಒಂದು ವೋಲ್ಟ್ ಕಳೆದುಹೋಗುತ್ತದೆ. ಊರ ಕೊನೆಯ ಮನೆಯಲ್ಲಿ ಸಂಜೆ ಹೊತ್ತು ಬಲ್ಬ್ ಮಿಣುಕುವುದು ನೋಡಿದ್ದೀರಲ್ಲ, ಇದೂ ಅದೇ ಕಥೆ. ಹ್ಯಾಲೊಜೆನ್‌ಗೆ ಸಿಗುವ ವೋಲ್ಟೇಜ್ 10% ಇಳಿದರೆ ಬೆಳಕು ಸುಮಾರು 30% ಇಳಿಯುತ್ತದೆ.

ಅದರ ಬದಲು ರಿಲೇಯನ್ನು (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್) ಬ್ಯಾಟರಿ ಪಕ್ಕದಲ್ಲಿಟ್ಟು, 2.5 ಸ್ಕ್ವೇರ್ ಎಂಎಂ ವೈರಿನಲ್ಲಿ ಎರಡು ಮೀಟರ್ ಒಳಗೆ ಮುಗಿಸಿದರೆ ನಷ್ಟ 0.15 ವೋಲ್ಟ್ ಕೂಡ ಆಗುವುದಿಲ್ಲ. ಒಳ್ಳೆಯ ಎಲ್‌ಇಡಿಯಲ್ಲಿ ಡ್ರೈವರ್ ಅನ್ನುವ ಸರ್ಕ್ಯೂಟ್ ಇರುತ್ತದೆ, ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ಇಳಿಯುವುದಿಲ್ಲ. ಆದರೆ ಅದನ್ನು ಸರಿದೂಗಿಸಲು ಅದು ಜಾಸ್ತಿ ಆಂಪ್ಸ್ ಎಳೆಯುತ್ತದೆ, ವೈರು ಇನ್ನಷ್ಟು ಬಿಸಿ ಆಗುತ್ತದೆ. ಹಾಗಾಗಿ ಎಲ್‌ಇಡಿ ಅಂತ ಉಡಾಫೆ ಬೇಡ.

ಫ್ಯೂಸ್ ಲೆಕ್ಕ ಸುಲಭ. ಲೈಟ್ ಎಳೆಯುವ ಆಂಪ್ಸ್‌ನ ಕಾಲು ಭಾಗ ಜಾಸ್ತಿ ಸೇರಿಸಿ, ಅದಕ್ಕೆ ಹತ್ತಿರದ ಮೇಲಿನ ಫ್ಯೂಸ್ ಹಾಕಿ. 9 ಆಂಪ್ಸ್‌ಗೆ 15ರ ನೀಲಿ ಬ್ಲೇಡ್ ಫ್ಯೂಸ್. ಬಣ್ಣ ನೆನಪಿರಲಿ: 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಫ್ಯೂಸ್ ಕಾಯುವುದು ವೈರನ್ನು. ಪದೇ ಪದೇ ಹೋಗುತ್ತಿದೆ ಅಂತ 15 ತೆಗೆದು 30 ಹಾಕಿದರೆ ಮುಂದಿನ ಸಲ ಉರಿಯುವುದು ವೈರೇ.

ಸಾಮಾನು

ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ. ಬೇರೆ ಊರಿನಲ್ಲಿ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಎಲ್ಲ ಸಿಗುತ್ತದೆ. 12 ವೋಲ್ಟ್, 30 ಅಥವಾ 40 ಆಂಪ್ಸ್‌ನ ನಾಲ್ಕು ಪಿನ್ ರಿಲೇ ಮತ್ತು ಅದರ ಸಾಕೆಟ್. ರಿಲೇಯಲ್ಲಿ ಮಾತ್ರ ಚೌಕಾಸಿ ಮಾಡಬೇಡಿ, ಬಾಷ್, ಹೆಲ್ಲಾದಂಥ ಹೆಸರಿನದ್ದೇ ತನ್ನಿ. ಮುಚ್ಚಳ ಇರುವ ಬ್ಲೇಡ್ ಫ್ಯೂಸ್ ಹೋಲ್ಡರ್. ಕೆಂಪು ಮತ್ತು ಕಪ್ಪು 2.5 ಸ್ಕ್ವೇರ್ ಎಂಎಂ ಆಟೋ ವೈರು, ಸ್ವಿಚ್‌ಗೆ 0.75 ಅಥವಾ 1 ಸ್ಕ್ವೇರ್ ಎಂಎಂ ವೈರು ಬೇರೆ ಬಣ್ಣದ್ದು. ರಿಂಗ್ ಲಗ್ (ವೈರಿನ ತುದಿಗೆ ಹಾಕುವ ಲೋಹದ ಉಂಗುರ), ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಸ್ಲೀವ್, ಸುಕ್ಕು ಸುಕ್ಕಿನ ಫ್ಲೆಕ್ಸಿಬಲ್ ಪೈಪ್, ಜಿಪ್ ಟೈ, ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ), ಎರಡು ವಾಟರ್‌ಪ್ರೂಫ್ ಕಪ್ಲರ್ ಜೋಡಿ, ಒಂದು ಸಣ್ಣ ಸ್ವಿಚ್. ಜೊತೆಗೆ ಲಗ್ ಒತ್ತುವ ಕ್ರಿಂಪಿಂಗ್ ಟೂಲ್, ಮಲ್ಟಿಮೀಟರ್, ಟೆಸ್ಟ್ ಲ್ಯಾಂಪ್ (ಕರೆಂಟ್ ಇದೆಯಾ ಅಂತ ನೋಡುವ ಸಣ್ಣ ಬಲ್ಬು).

ಮನೆ ವೈರಿಂಗಿನಲ್ಲಿ ಉಳಿದ ವೈರು ಬಳಸಬಹುದಾ ಅಂತ ಕೇಳುವವರು ಬಹಳ. ಬೇಡ. ಅದರ ಎಳೆಗಳು ಕಡಿಮೆ, ಒರಟು. ಗಾಡಿಯ ಅದುರಾಟಕ್ಕೆ ಒಂದೊಂದಾಗಿ ತುಂಡಾಗುತ್ತವೆ. ಅದರ ಪಿವಿಸಿ ಕವಚ ಕೂಡ ಇಂಜಿನ್ ಪಕ್ಕದ ಬಿಸಿಗೆ ಮಾಡಿದ್ದಲ್ಲ.

ಹಂತ 1: ಬ್ಯಾಟರಿ ಬಿಚ್ಚಿ

ಮೈನಸ್ ಟರ್ಮಿನಲ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಆಗ ಕಿಡಿ ಹಾರುವುದಿಲ್ಲ. ಕೈಯಲ್ಲಿರುವ ಉಂಗುರ, ಕಡಗ ತೆಗೆದಿಡಿ.

ಹಂತ 2: ಲೈಟ್ ಕೂರಿಸಿ

ಬ್ರ್ಯಾಕೆಟ್ ಅದುರದ ಹಾಗೆ, ಬಂಪರಿನ ಗಟ್ಟಿ ಭಾಗಕ್ಕೆ, ಅದುರಾಟಕ್ಕೆ ಸಡಿಲವಾಗದ ನೈಲಾಕ್ ನಟ್ ಹಾಕಿ ಕೂರಿಸಿ. ರೇಡಿಯೇಟರ್‌ಗೆ ಗಾಳಿ ಹೋಗುವ ದಾರಿಗೆ ಅಡ್ಡ ಬರಬಾರದು. ಛಾವಣಿ ಮೇಲೆ ಹಾಕಿದರೆ ಬೆಳಕು ಬಾನೆಟ್ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತದೆ, ತೋಟದ ಕೊಂಬೆಗೂ ಸಿಗುತ್ತದೆ.

ಹಂತ 3: ರಿಲೇಯ ಜಾಗ ಮತ್ತು ನಾಲ್ಕು ಪಿನ್

ರಿಲೇ ಬ್ಯಾಟರಿಗೆ ಹತ್ತಿರ, ಬಾನೆಟ್ ಒಳಗೆ ಆದಷ್ಟು ಎತ್ತರದಲ್ಲಿ ಇರಲಿ. ಪಿನ್‌ಗಳು ಕೆಳಮುಖವಾಗಿರಲಿ, ನೀರು ಬಿದ್ದರೂ ಇಳಿದುಹೋಗುತ್ತದೆ. ಎಕ್ಸಾಸ್ಟ್ ಪಕ್ಕ ಬೇಡ.

ರಿಲೇ ಕೆಳಗೆ ಅಚ್ಚಾಗಿರುವ ಅಂಕಿಗಳೇ ನಿಮ್ಮ ನಕ್ಷೆ:

30: ಬ್ಯಾಟರಿಯ ಪ್ಲಸ್‌ನಿಂದ ಫ್ಯೂಸ್ ಮೂಲಕ ಬರುವ ದಪ್ಪ ವೈರು.
87: ಲೈಟ್‌ಗಳ ಪ್ಲಸ್‌ಗೆ ಹೋಗುವ ದಪ್ಪ ವೈರು.
86: ಸ್ವಿಚ್ ಕಡೆಯಿಂದ ಬರುವ ಸಪೂರ ವೈರು.
85: ಅರ್ಥ್.

86 ಮತ್ತು 85ರ ನಡುವೆ ಒಂದು ಕಾಯಿಲ್ ಇದೆ. ಅದು ಎಳೆಯುವುದು ಸುಮಾರು 0.15 ಆಂಪ್ಸ್ ಮಾತ್ರ. ಅದಕ್ಕೆ ಕರೆಂಟ್ ಸಿಕ್ಕಿದಾಗ ಒಳಗಿನ ಪಟ್ಟಿಯನ್ನು ಎಳೆದು 30 ಮತ್ತು 87ನ್ನು ಸೇರಿಸುತ್ತದೆ. ಟಿಕ್ ಅನ್ನುವ ಸದ್ದು ಅದೇ. ಅಂದರೆ ಡ್ಯಾಶ್‌ಬೋರ್ಡಿನ ಸ್ವಿಚ್ ಮೂಲಕ ಲೈಟಿನ ಭಾರಿ ಕರೆಂಟ್ ಹೋಗುವುದೇ ಇಲ್ಲ. ಐದು ಪಿನ್ ರಿಲೇ ಸಿಕ್ಕಿದರೆ ನಡುವಿನ 87ಎ ಅನ್ನು ಖಾಲಿ ಬಿಡಿ. ಕಾಯಿಲ್ ಆಫ್ ಇದ್ದಾಗ ಅದೇ ಪಿನ್‌ನಲ್ಲಿ ಕರೆಂಟ್ ಇರುತ್ತದೆ. ತಪ್ಪಿ ಅಲ್ಲಿಗೆ ಲೈಟ್ ಕೊಟ್ಟರೆ ಸ್ವಿಚ್ ಹಾಕಿದಾಗ ಆರುತ್ತದೆ, ತೆಗೆದಾಗ ಉರಿಯುತ್ತದೆ. ಒಳಗೆ ಡಯೋಡ್ ಇರುವ ರಿಲೇ ಆದರೆ 86ಕ್ಕೇ ಪ್ಲಸ್ ಬರಬೇಕು, ಅದಲು ಬದಲಾದರೆ ಡಯೋಡ್ ಸುಡುತ್ತದೆ.

ಹಂತ 4: ದಪ್ಪ ವೈರುಗಳು

ಬ್ಯಾಟರಿ ಪ್ಲಸ್‌ನಿಂದ ಹೊರಟ ವೈರಿಗೆ 15-20 ಸೆಂಟಿಮೀಟರ್ ಒಳಗೇ ಫ್ಯೂಸ್ ಹೋಲ್ಡರ್ ಬರಬೇಕು. ಫ್ಯೂಸಿಗೂ ಬ್ಯಾಟರಿಗೂ ನಡುವಿನ ತುಂಡಿಗೆ ಯಾವ ರಕ್ಷಣೆಯೂ ಇಲ್ಲ. ಆ ತುಂಡು ಎಲ್ಲಾದರೂ ಬಾಡಿಗೆ ಉಜ್ಜಿದರೆ ಬೆಂಕಿಯೇ. ಫ್ಯೂಸ್ ಮಾತ್ರ ಈಗಲೇ ಹಾಕಬೇಡಿ, ಹೋಲ್ಡರ್ ಖಾಲಿ ಇರಲಿ.

ಅಲ್ಲಿಂದ 30ಕ್ಕೆ. 87ರಿಂದ ಹೊರಟ ವೈರು ಮುಂದೆ ಎರಡಾಗಿ ಒಡೆದು ಎರಡು ಕಪ್ಲರ್‌ಗೆ ಹೋಗುತ್ತದೆ. ಗಾಡಿ ಕಡೆಯ ಕಪ್ಲರ್‌ನಲ್ಲಿ ಪಿನ್‌ಗಳು ಒಳಗೆ ಅಡಗಿರುವ ಹೆಣ್ಣು ಭಾಗ ಇರಲಿ. ಲೈಟ್ ಬಿಚ್ಚಿದಾಗ ಯಾರಾದರೂ ಸ್ವಿಚ್ ಹಾಕಿದರೂ ಏನೂ ತಗುಲುವುದಿಲ್ಲ. ಬಿಚ್ಚಿದ ಮೇಲೆ ಮುಚ್ಚಲು ರಬ್ಬರ್ ಕ್ಯಾಪ್ ಇಡಿ, ಇಲ್ಲದಿದ್ದರೆ ಕೆಸರು ತುಂಬಿಕೊಳ್ಳುತ್ತದೆ.

ಜಾಯಿಂಟ್‌ಗೆ ಕ್ರಿಂಪ್ ಮಾಡಿ. 6-7 ಮಿಲಿಮೀಟರ್ ಕವಚ ಸುಲಿದು, ಎಳೆ ಒಂದೂ ತುಂಡಾಗದಂತೆ ಲಗ್‌ಗೆ ತೂರಿಸಿ, ಒತ್ತಿ, ಕೈಯಲ್ಲಿ ಜೋರಾಗಿ ಎಳೆದು ನೋಡಿ. ಬಂದರೆ ಈಗಲೇ ಬರಲಿ. ಮೇಲೆ ಹೀಟ್ ಶ್ರಿಂಕ್ ಬಿಸಿ ಮಾಡಿದಾಗ ತುದಿಯಲ್ಲಿ ಅಂಟು ಸ್ವಲ್ಪ ಹೊರಗೆ ಇಣುಕಿದರೆ ನೀರು ಹೋಗದ ಜಾಯಿಂಟ್ ಅಂತ ಅರ್ಥ. ಸೋಲ್ಡರಿಂಗ್ ಬಲ್ಲವರಿಗೆ ಅದೇ ಇಷ್ಟ. ಆದರೆ ಸೀಸ ಎಳೆಗಳ ನಡುವೆ ಹರಿದು ವೈರು ಕಡ್ಡಿಯಂತೆ ಗಟ್ಟಿಯಾಗುತ್ತದೆ, ಅದು ಮುಗಿಯುವ ಜಾಗದಲ್ಲೇ ಅದುರಾಟಕ್ಕೆ ಮುರಿಯುತ್ತದೆ.

ಹಂತ 5: ಅರ್ಥ್

ಇಲ್ಲಿ ಸ್ವಲ್ಪ ನಿಧಾನಿಸಿ. ಪ್ಲಸ್ ಕಡೆ ಅಷ್ಟು ಕಾಳಜಿ ಮಾಡಿ ಮೈನಸ್ ವೈರನ್ನು ಹತ್ತಿರ ಕಂಡ ಬೋಲ್ಟಿಗೆ ಸಿಕ್ಕಿಸಿ ಬಿಡುವುದೇ ಎಲ್ಲ ಕಡೆ ನಡೆಯುವುದು. ಹೋದ ಕರೆಂಟ್ ಅಷ್ಟೂ ವಾಪಸ್ ಬರಬೇಕಲ್ಲ, ಹಾಗಾಗಿ ಮೈನಸ್ ವೈರೂ ಅಷ್ಟೇ ದಪ್ಪ ಇರಬೇಕು.

ಚಾಸಿಸ್‌ನಲ್ಲಿ ಅಥವಾ ಇಂಜಿನ್ ಬೇಯ ಗಟ್ಟಿ ಲೋಹದಲ್ಲಿ ಒಂದು ಜಾಗ ಆರಿಸಿ. ಪ್ಲಾಸ್ಟಿಕ್ ಬುಷ್ ಮೇಲೆ ಕೂತ ಬ್ರ್ಯಾಕೆಟ್ ಲೆಕ್ಕಕ್ಕಿಲ್ಲ. ಲಗ್ ಕೂರುವಷ್ಟು ಅಗಲಕ್ಕೆ ಎಮರಿ ಪೇಪರ್ ಹಿಡಿದು ಉಜ್ಜಿ. ಮೊದಲು ಪೇಂಟ್ ಪುಡಿ ಬರುತ್ತದೆ, ಆಮೇಲೆ ಬೂದು ಪ್ರೈಮರ್. ಅಲ್ಲಿಗೇ ನಿಲ್ಲಿಸುವವರು ಬಹಳ. ಪ್ರೈಮರ್ ಕೂಡ ಕರೆಂಟ್ ಹಾಯಿಸುವುದಿಲ್ಲ, ಹೊಳೆಯುವ ಲೋಹ ಕಾಣುವವರೆಗೆ ಉಜ್ಜಬೇಕು. ಲಗ್ ಇಟ್ಟು, ಹಲ್ಲಿರುವ ಸ್ಟಾರ್ ವಾಷರ್ ಹಾಕಿ, ಬಿಗಿ ಮಾಡಿ. ಬಿಗಿದ ಮೇಲೆ ಸುತ್ತ ಗ್ರೀಸ್ ಅಥವಾ ವ್ಯಾಸಲೀನ್ ದಪ್ಪಗೆ ಬಳಿಯಿರಿ. ಇಲ್ಲದಿದ್ದರೆ ಉಜ್ಜಿದ ಜಾಗದಲ್ಲೇ ಮೊದಲ ಮಳೆಗೆ ತುಕ್ಕು ಹಿಡಿಯುತ್ತದೆ.

ಹಳೆಯ ಗಾಡಿಯಲ್ಲಿ ಮೈನಸ್ ವೈರನ್ನು ನೇರವಾಗಿ ಬ್ಯಾಟರಿ ಮೈನಸ್‌ಗೇ ತಂದರೂ ಒಳ್ಳೆಯದೇ. ಆದರೆ ಮೈನಸ್ ಟರ್ಮಿನಲ್ ಮೇಲೆ ಕರೆಂಟ್ ಅಳೆಯುವ ಸೆನ್ಸರ್ ಕೂತಿರುವ ಹೊಸ ಗಾಡಿಗಳಲ್ಲಿ ಹಾಗೆ ಮಾಡಬೇಡಿ. ಅಲ್ಲಿ ಚಾಸಿಸ್ ಅರ್ಥ್ ಕೊಟ್ಟರೇನೇ ಸೆನ್ಸರ್‌ಗೆ ಲೆಕ್ಕ ಸರಿಯಾಗಿ ಸಿಗುವುದು.

ಹಂತ 6: ಹೈ ಬೀಮ್‌ನಿಂದ ಟ್ರಿಗರ್

ಸ್ಪಾಟ್‌ಲೈಟ್ ಹೈ ಬೀಮ್ ಹಾಕಿದಾಗ ಮಾತ್ರ ಉರಿಯಬೇಕು. ಎದುರಿಗೆ ಜೀಪೋ ಆನೆಯೋ ಬಂದರೆ ಡಿಪ್ ಮಾಡಿದ ತಕ್ಷಣ ಎಲ್ಲ ಒಟ್ಟಿಗೆ ಆರಬೇಕು. ಆ ಹೊತ್ತಿನಲ್ಲಿ ಇನ್ನೊಂದು ಸ್ವಿಚ್ ತಡಕಾಡಲು ಪುರುಸೊತ್ತು ಇರುವುದಿಲ್ಲ.

ಮೊದಲು ನಿಮ್ಮ ಗಾಡಿಯ ಹೆಡ್‌ಲೈಟ್ ಪ್ಲಸ್ ಕಡೆ ಸ್ವಿಚ್ ಆಗುತ್ತದೋ ಅರ್ಥ್ ಕಡೆಯೋ ಅಂತ ಪತ್ತೆ ಮಾಡಿ. ಜಪಾನ್ ಮೂಲದ ಹಳೆಯ ಗಾಡಿಗಳಲ್ಲಿ ಅರ್ಥ್ ಕಡೆ ಸ್ವಿಚ್ ಆಗುವುದೂ ಇದೆ. ಬ್ಯಾಟರಿ ತಾತ್ಕಾಲಿಕವಾಗಿ ಸೇರಿಸಿ, ಎರಡೂ ಹೆಡ್‌ಲೈಟಿನ ಎಚ್4 (ಡಿಪ್, ಹೈ ಎರಡೂ ಇರುವ ಬಲ್ಬ್) ಕಪ್ಲರ್ ಎಳೆಯಿರಿ. ಟೆಸ್ಟ್ ಲ್ಯಾಂಪ್‌ನ ಕ್ಲಿಪ್ ಬ್ಯಾಟರಿ ಮೈನಸ್‌ಗೆ ಸಿಕ್ಕಿಸಿ, ಹೆಡ್‌ಲೈಟ್ ಹಾಕಿ, ಒಂದು ಕಪ್ಲರ್‌ನ ಮೂರೂ ಟರ್ಮಿನಲ್ ಮುಟ್ಟಿ ನೋಡಿ. ಡಿಪ್‌ನಿಂದ ಹೈಗೆ ಬದಲಿಸಿದಾಗ ಕರೆಂಟ್ ಒಂದು ಟರ್ಮಿನಲ್ ಬಿಟ್ಟು ಇನ್ನೊಂದಕ್ಕೆ ಹೋದರೆ ಪ್ಲಸ್ ಸ್ವಿಚಿಂಗ್. ಹೈನಲ್ಲಿ ಉರಿದ ಟರ್ಮಿನಲ್‌ನ ವೈರೇ ನಿಮಗೆ ಬೇಕಾದದ್ದು. ಎರಡರಲ್ಲೂ ಒಂದೇ ಟರ್ಮಿನಲ್ ಉರಿಯುತ್ತಿದ್ದರೆ ಅರ್ಥ್ ಸ್ವಿಚಿಂಗ್. ಆಗ ಕ್ಲಿಪ್ ಅನ್ನು ಬ್ಯಾಟರಿ ಪ್ಲಸ್‌ಗೆ ಬದಲಿಸಿ, ಹೈ ಬೀಮ್‌ನಲ್ಲಿ ಮಾತ್ರ ಲ್ಯಾಂಪ್ ಉರಿಸುವ ಟರ್ಮಿನಲ್ ಹುಡುಕಿ.

ಪ್ಲಸ್ ಸ್ವಿಚಿಂಗ್ ಆದರೆ ಆ ಹೈ ಬೀಮ್ ವೈರಿನಿಂದ ಒಂದು ಸಪೂರ ವೈರು ತೆಗೆದು ಡ್ಯಾಶ್‌ಬೋರ್ಡ್ ಸ್ವಿಚ್‌ಗೆ, ಅಲ್ಲಿಂದ ವಾಪಸ್ 86ಕ್ಕೆ. 85 ಅರ್ಥ್‌ಗೆ. ಅರ್ಥ್ ಸ್ವಿಚಿಂಗ್ ಆದರೆ ಡಿಪ್, ಹೈ ಎರಡರಲ್ಲೂ ಉರಿದ ಆ ಟರ್ಮಿನಲ್‌ನ ಪ್ಲಸ್ ವೈರಿನಿಂದ ಸ್ವಿಚ್ ಮೂಲಕ 86ಕ್ಕೆ, 85ರಿಂದ ಹೈ ಬೀಮ್ ಟರ್ಮಿನಲ್‌ನ ವೈರಿಗೆ. ಎರಡರಲ್ಲೂ ಈ ಸಪೂರ ವೈರಿಗೆ 3 ಆಂಪ್ಸ್‌ನ ಫ್ಯೂಸ್ ಹಾಕಿ.

2020ರ ನಂತರದ ಥಾರ್‌ನಂಥ, ಲೈಟುಗಳು ಕಂಪ್ಯೂಟರ್ ಮೂಲಕ ನಡೆಯುವ ಗಾಡಿಯಲ್ಲಿ ಮೂಲ ವೈರು ಕತ್ತರಿಸಬೇಡಿ, ಸುಲಿಯಬೇಡಿ. ಟೆಸ್ಟ್ ಲ್ಯಾಂಪ್ ಬದಲು ಮಲ್ಟಿಮೀಟರ್ ಬಳಸಿ. ಹೆಡ್‌ಲೈಟ್ ಬಲ್ಬಿಗೂ ಕಪ್ಲರಿಗೂ ಮಧ್ಯೆ ಕೂರುವ ರೆಡಿ ಹಾರ್ನೆಸ್ (ವೈರಿನ ಕಟ್ಟು) ಸಿಗುತ್ತದೆ, ಟ್ರಿಗರ್, ಅಂದರೆ ರಿಲೇಯನ್ನು ಆನ್ ಮಾಡುವ ವೈರು, ಅದರಿಂದಲೇ ತೆಗೆಯಿರಿ. ಬೇಡ ಅಂದಾಗ ಎಳೆದು ತೆಗೆದರೆ ಗಾಡಿ ಮೊದಲಿನಂತೆ. ವಾರಂಟಿ ಇದ್ದರೆ ಕೈ ಹಾಕುವ ಮುಂಚೆ ಅದರ ಷರತ್ತು ಓದಿ.

ಹಂತ 7: ಫೈರ್‌ವಾಲ್ ದಾಟಿಸಿ, ಕಟ್ಟಿ

ಬ್ಯಾಟರಿ ಮತ್ತೆ ಬಿಚ್ಚಿ. ಸ್ವಿಚ್‌ನ ವೈರು ಫೈರ್‌ವಾಲ್ (ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡು) ದಾಟಿ ಕ್ಯಾಬಿನ್ ಒಳಗೆ ಹೋಗುವ ಕಡೆ ಈಗಾಗಲೇ ಇರುವ ಗ್ರಾಮೆಟ್ ಬಳಸಿ. ಹೊಸ ತೂತು ಕೊರೆದರೆ ಅದಕ್ಕೂ ಗ್ರಾಮೆಟ್ ಕಡ್ಡಾಯ, ತಗಡಿನ ಅಂಚು ಬ್ಲೇಡ್‌ಗಿಂತ ಕಮ್ಮಿ ಇಲ್ಲ. ಎಲ್ಲ ವೈರನ್ನೂ ಫ್ಲೆಕ್ಸಿಬಲ್ ಪೈಪಿಗೆ ತುಂಬಿ, ಗಾಡಿಯ ಮೂಲ ವೈರಿಂಗ್ ಪಕ್ಕದಲ್ಲೇ ಕಟ್ಟುತ್ತಾ ಬನ್ನಿ. ಸ್ಟೀರಿಂಗ್ ಶಾಫ್ಟ್, ಫ್ಯಾನ್, ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಿಂದ ದೂರ. ಇಂಜಿನ್ ಅಲುಗಾಡುವುದರಿಂದ ಇಂಜಿನ್‌ಗೆ ಕಟ್ಟಬೇಡಿ, ಬಾಡಿಗೆ ಕಟ್ಟಿ.

ಹಂತ 8: ಫ್ಯೂಸ್ ಹಾಕಿ, ಅಳೆಯಿರಿ

ಬ್ಯಾಟರಿ ಸೇರಿಸಿ, ಫ್ಯೂಸ್ ಹಾಕಿ, ಇಂಜಿನ್ ಸ್ಟಾರ್ಟ್ ಮಾಡಿ, ಹೈ ಬೀಮ್, ಸ್ವಿಚ್. ಲೈಟ್ ಬಂತು ಅಂತ ಬಾನೆಟ್ ಮುಚ್ಚಬೇಡಿ. ಮಲ್ಟಿಮೀಟರ್ ತೆಗೆಯಿರಿ.

ಲೈಟ್ ಉರಿಯುತ್ತಿರುವಾಗಲೇ ಬ್ಯಾಟರಿಯ ಎರಡು ಪೋಸ್ಟ್ ನಡುವೆ ಅಳೆಯಿರಿ. 14.1 ಬಂತು ಅನ್ನೋಣ. ಈಗ ಲೈಟಿನ ಕಪ್ಲರ್ ಹಿಂದಿನಿಂದ ಪ್ಲಸ್ ಮೈನಸ್ ನಡುವೆ ಅಳೆಯಿರಿ. 13.7 ಬಂದರೆ ಸರಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಎಲ್ಲೋ ಸೋರುತ್ತಿದೆ. ಎಲ್ಲಿ ಅಂತ ಮೀಟರೇ ಹೇಳುತ್ತದೆ. ಕೆಂಪು ಕಡ್ಡಿ ಬ್ಯಾಟರಿ ಪ್ಲಸ್ ಮೇಲೆ, ಕಪ್ಪು ಕಡ್ಡಿ ಲೈಟಿನ ಪ್ಲಸ್ ಮೇಲೆ: ಪ್ಲಸ್ ದಾರಿಯ ನಷ್ಟ. ಕೆಂಪು ಲೈಟಿನ ಮೈನಸ್ ಮೇಲೆ, ಕಪ್ಪು ಬ್ಯಾಟರಿ ಮೈನಸ್ ಮೇಲೆ: ಅರ್ಥ್ ದಾರಿಯ ನಷ್ಟ. ಒಳ್ಳೆಯ ಅರ್ಥ್ ಆದರೆ 0.1ರ ಆಸುಪಾಸು ತೋರಿಸುತ್ತದೆ. 0.8 ತೋರಿಸಿದರೆ ಹಂತ 5ಕ್ಕೆ ವಾಪಸ್ ಹೋಗಿ. ರಿಲೇಯ 30 ಮತ್ತು 87ರ ನಡುವೆಯೇ 0.2ಕ್ಕಿಂತ ಜಾಸ್ತಿ ಕಂಡರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ, ರಿಲೇ ಬದಲಿಸಿ.

ಹತ್ತು ನಿಮಿಷ ಉರಿಸಿ, ಆರಿಸಿ, ಫ್ಯೂಸ್ ಹೋಲ್ಡರ್, ಲಗ್, ಕಪ್ಲರ್‌ಗಳನ್ನು ಬೆರಳಿನಲ್ಲಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಸುಡುತ್ತಿದ್ದರೆ ಆ ಜಾಯಿಂಟ್ ಸರಿಯಿಲ್ಲ.

ಹಂತ 9: ದಿಕ್ಕು ಹೊಂದಿಸಿ

ಸಮತಟ್ಟು ಜಾಗದಲ್ಲಿ, ಗೋಡೆಯಿಂದ 10 ಮೀಟರ್ ದೂರದಲ್ಲಿ ಗಾಡಿ ನಿಲ್ಲಿಸಿ. ಲೈಟಿನ ನಡುಭಾಗ ನೆಲದಿಂದ ಎಷ್ಟು ಎತ್ತರ ಇದೆಯೋ ಅಷ್ಟೇ ಎತ್ತರಕ್ಕೆ ಗೋಡೆ ಮೇಲೆ ಟೇಪ್ ಅಂಟಿಸಿ. ಬೆಳಕಿನ ಪ್ರಖರ ಭಾಗ ಆ ಟೇಪ್‌ಗಿಂತ 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ಹಿಂದಿನ ಸೀಟಿನಲ್ಲಿ ಜನ, ಡಿಕ್ಕಿಯಲ್ಲಿ ಸಾಮಾನು ತುಂಬಿದರೆ ಮೂಗು ಮೇಲೇಳುತ್ತದೆ, ಅದಕ್ಕೆ ತಕ್ಕಂತೆ ಇನ್ನೂ ಸ್ವಲ್ಪ ತಗ್ಗಿಸಿ.

ಕೆಟ್ಟರೆ ಎಲ್ಲಿ ನೋಡಬೇಕು

ರಿಲೇ ಟಿಕ್ ಅನ್ನುತ್ತದೆ, ಲೈಟ್ ಬರುವುದಿಲ್ಲ: ಫ್ಯೂಸ್, ಆಮೇಲೆ 87ರಲ್ಲಿ ಕರೆಂಟ್ ಇದೆಯಾ, ಆಮೇಲೆ ಅರ್ಥ್. ಟಿಕ್ಕೇ ಇಲ್ಲ: 86ರಲ್ಲಿ ಕರೆಂಟ್ ಬರುತ್ತಿದೆಯಾ, 85 ಅರ್ಥ್ ಆಗಿದೆಯಾ. ರಿಲೇ ಜೇನಿನಂತೆ ಗುಂಯ್ ಅನ್ನುತ್ತಿದ್ದರೆ ಕಾಯಿಲ್‌ಗೆ ವೋಲ್ಟೇಜ್ ಸಾಲುತ್ತಿಲ್ಲ, ಇಲ್ಲವೇ ಹೊಸ ಗಾಡಿಯ ಕಂಪ್ಯೂಟರ್ ಹೆಡ್‌ಲೈಟಿಗೆ ಕರೆಂಟನ್ನು ಕಡಿದು ಕಡಿದು ಕೊಡುತ್ತಿದೆ. ಲೈಟ್ ಹಾಕಿದ ಕೂಡಲೇ ಎಫ್‌ಎಂನಲ್ಲಿ ಕರಕರ ಬಂದರೆ ಅಗ್ಗದ ಎಲ್‌ಇಡಿ ಡ್ರೈವರ್‌ನ ಕಾಟ, ಲೈಟಿನ ವೈರನ್ನು ಆಂಟೆನಾ ಕೇಬಲ್‌ನಿಂದ ದೂರ ಸರಿಸಿ ನೋಡಿ. ಮಳೆಯಲ್ಲಿ ಮಾತ್ರ ಫ್ಯೂಸ್ ಹೋಗುತ್ತಿದ್ದರೆ ಕಪ್ಲರ್ ಬಿಚ್ಚಿ, ಒಳಗೆ ಹಸಿರು ಕಿಲುಬು ಕಟ್ಟಿದೆಯಾ ನೋಡಿ.

ಮೊದಲ ಕಚ್ಚಾ ದಾರಿ ಓಡಾಟ ಆದ ಮೇಲೆ ಎಲ್ಲ ಬೋಲ್ಟ್ ಒಮ್ಮೆ ಬಿಗಿ ಮಾಡಿ. ವಾಟರ್ ಸರ್ವಿಸ್‌ನಲ್ಲಿ ಪ್ರೆಷರ್ ಗನ್ ಅನ್ನು ರಿಲೇ ಕಡೆ ಹಿಡಿಯಬೇಡ ಅಂತ ಹುಡುಗನಿಗೆ ಮೊದಲೇ ಹೇಳಿ. ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಎರಡು ನೀಲಿ ಫ್ಯೂಸ್, ಒಂದು ರಿಲೇ ಇರಲಿ. ರಿಲೇ ಇಲ್ಲದೆ ಕಾಡಿನ ಮಧ್ಯೆ ಸಿಕ್ಕಿಕೊಂಡರೆ ಫ್ಯೂಸ್ ಬಾಕ್ಸಿನಲ್ಲಿರುವ ಹಾರ್ನ್ ರಿಲೇ ನೋಡಿ. ಗಾತ್ರ, ಪಿನ್ ಅಂಕಿ, ಆಂಪ್ಸ್ ಮೂರೂ ಹೊಂದಿದರೆ ಅದನ್ನೇ ಇಲ್ಲಿಗೆ ಹಾಕಿ ಮನೆ ಸೇರಬಹುದು. ಆ ದಾರಿ ಪೂರ್ತಿ ಹಾರ್ನ್ ಇರುವುದಿಲ್ಲ, ತಿರುವಿನಲ್ಲಿ ನಿಧಾನ.